ಹದಿನೆಂಟು ಎಂದು ಬರೆಯಲಿಲ್ಲ

ಕೆಲಸ ಬಿಟ್ಟು ನರ್ಸಿಂಗ್ ಓದುತ್ತೇನೆಂದು ನಾನು ಹೆಂಡತಿಗೆ ಹೇಳಿದ್ದು ದುಬೈಯ ಕರಾಮದ ಒಂದು ಹೋಟೆಲಿನಲ್ಲಿ, ಇಬ್ಬರೂ ನೀರುದೋಸೆ ತಿನ್ನುತ್ತಿದ್ದಾಗ. ನನಗೆ ಚೆನ್ನಾಗಿ ನೆನಪಿದೆ. ತಟ್ಟೆಯ ಅಂಚಿಗೆ ಹರಿದು ಬಂದಿದ್ದ ಚಟ್ನಿಯೂ ನೆನಪಿದೆ. ಅವಳ ಪ್ರಕಾರ ನಾನು ಹೇಳಿದ್ದು ಮನೆಯಲ್ಲಿ, ಅವಳು ಬಟ್ಟೆ ಒಣಹಾಕುತ್ತಿದ್ದಾಗ, ಅದೂ ಅವಳ ಬೆನ್ನಿಗೆ. "ಮುಖಕ್ಕೆ ಹೇಳುವ ಧೈರ್ಯ ನಿನಗೆ ಎಲ್ಲಿತ್ತು?" ಎನ್ನುತ್ತಾಳೆ. ನಾವಿಬ್ಬರೂ ಒಂದೇ ತರಗತಿಯಲ್ಲಿ ಓದಿದವರು, ಪರೀಕ್ಷೆಗೆ ಮುಂಚೆ ನಾನು ಓದುತ್ತಿದ್ದದ್ದು ಅವಳ ನೋಟ್ಸನ್ನೇ. ಹಾಗಾಗಿ ಅವಳು ಹೇಳುವುದೇ ಸರಿಯಿರಬೇಕು. ಚಟ್ನಿ ಎಲ್ಲಿಂದ ಬಂತೋ ತಿಳಿಯದು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಬರಹದಲ್ಲಿ ನಾನು ಆಣೆಯಿಟ್ಟು ಹೇಳಬಲ್ಲ ಸಂಗತಿಗಳು ಕಡಿಮೆ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ ಕೆಲವು ವರ್ಷ ಗ್ರಾಹಕರ ತೃಪ್ತಿಯನ್ನು ಅಳೆಯುತ್ತಿದ್ದೆ. ಅಳೆಯುವುದು ಎಂದರೆ ದೊಡ್ಡ ಮಾತಾಯಿತು. ಸಮೀಕ್ಷೆಗೆ ಉತ್ತರ ಬಾರದ ಕಡೆ ಹಿಂದಿನ ತಿಂಗಳ ಅಂಕಿಯ ಆಸುಪಾಸಿನಲ್ಲಿ ಒಂದನ್ನು ತುಂಬುವುದು ಅಲ್ಲಿನ ರೂಢಿ. ಮೇಲಿನವರಿಗೂ ಗೊತ್ತು, ಕೆಳಗಿನವರಿಗೂ ಗೊತ್ತು, ಯಾರಿಗೂ ಬೇಜಾರಿಲ್ಲ. ನಾನು ಮಾತ್ರ ಆ ಬಣ್ಣಬಣ್ಣದ ಪಟ್ಟಿಗಳನ್ನು ತೆರೆಯುವುದನ್ನು ನಾಳೆಗೆ, ನಾಳಿದ್ದಿಗೆ ಎಂದು ಮುಂದೂಡತೊಡಗಿದೆ. ಅಷ್ಟರಲ್ಲಿ ಅಬುಧಾಬಿಯ ಕಾಲೇಜೊಂದರ ಜಾಹೀರಾತು ಕಣ್ಣಿಗೆ ಬಿತ್ತು: ಈಗಾಗಲೇ ಒಂದು ಪದವಿ ಇರುವವರಿಗೆ ನಾಲ್ಕು ವರ್ಷದ ನರ್ಸಿಂಗ್ ಪದವಿ ಎರಡೇ ವರ್ಷದಲ್ಲಿ. ಸೇರಿಕೊಂಡೆ. ಕಂಪನಿಯ ವೀಸಾ ಹೋಗಿ ಹೆಂಡತಿಯ ವೀಸಾಕ್ಕೆ ಬಂದೆ. ಅವಳು ಊದ್ ಮೇಥಾದ ಶಾಲೆಯೊಂದರಲ್ಲಿ ಟೀಚರ್. ಸರಕಾರದ ಲೆಕ್ಕದಲ್ಲಿ ನಾನೀಗ ಅವಳ ಅವಲಂಬಿತ.

ಕ್ಲಬ್ಬಿನಲ್ಲಿ ಸಿಕ್ಕ ಊರಿನ ಹಿರಿಯರೊಬ್ಬರು, "ಎಮ್ಮೆಸ್ಸಿ ಮಾಡಿದ ಜನ, ಬೆಡ್‌ಪ್ಯಾನ್ ಹಿಡಿಲಿಕ್ಕೆ ಹೋಗುದಾ?" ಎಂದು ಕೇಳಿದರು.

"ಹೌದು ಅಂಕಲ್. ನಿಮಗೆ ಬೇಕಾದಾಗ ಹೇಳಿ, ಬರ್ತೇನೆ," ಎಂದೆ.

ಅಂಕಲ್ ಆಮೇಲೆ ನನ್ನನ್ನು ಕಂಡಾಗಲೆಲ್ಲ ಫೋನಿನಲ್ಲಿ ಮಾತಾಡುತ್ತಿರುವಂತೆ ನಟಿಸತೊಡಗಿದರು.

ಎರಡನೆಯ ವರ್ಷ ನಮ್ಮನ್ನು ಆಸ್ಪತ್ರೆಯ ವಾರ್ಡುಗಳಿಗೆ ಹಾಕಿದರು. ನನ್ನ ಉಸ್ತುವಾರಿ ಉಡುಪಿ ಕಡೆಯ ಒಬ್ಬ ನರ್ಸಿನದು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಾನು ಕನ್ನಡದವನೆಂದು ತಿಳಿದ ಕೂಡಲೇ ಇಂಗ್ಲಿಷ್ ಬದಿಗಿಟ್ಟರು.

ರಕ್ತದೊತ್ತಡ, ನಾಡಿ, ಜ್ವರ ಎಲ್ಲವನ್ನೂ ಯಂತ್ರ ಹೇಳಿಬಿಡುತ್ತದೆ. ಆ ವಾರ್ಡಿನಲ್ಲಿ ಉಸಿರನ್ನು ಮಾತ್ರ ನಾವೇ ಎಣಿಸಬೇಕಿತ್ತು. ರೋಗಿಯ ಎದೆ ಏರಿಳಿಯುವುದನ್ನು ನೋಡುತ್ತ ಒಂದು ನಿಮಿಷ ನಿಲ್ಲಬೇಕು, ಅವರಿಗೆ ಗೊತ್ತಾಗದಂತೆ, ಮಣಿಕಟ್ಟಿನಲ್ಲಿ ನಾಡಿ ಹಿಡಿದವರ ಹಾಗೆ. ಅಷ್ಟು ಹೊತ್ತು ಯಾರಿಗಿದೆ? ಚೆನ್ನಾಗಿ ಕಾಣುವ ರೋಗಿಗೆ ಹದಿನೆಂಟು ಎಂದು ಬರೆಯುವುದು ಅಲ್ಲಿನ ಅಭ್ಯಾಸ. ರೋಗಿಯ ಬಣ್ಣ ಕೆಟ್ಟಿದ್ದರೆ ನಮ್ಮ ನರ್ಸ್ ನಿಂತು ಎಣಿಸುತ್ತಿದ್ದರು, ಅದನ್ನು ನಾನೇ ನೋಡಿದ್ದೇನೆ. ಉಳಿದವರೆಲ್ಲರೂ ಹದಿನೆಂಟೇ ಉಸಿರಾಡುತ್ತಿದ್ದರು. ನಾನು ಮಾತ್ರ ಪ್ರತಿ ಹಾಸಿಗೆಯ ಬಳಿಯೂ ಪೂರ್ತಿ ನಿಮಿಷ ನಿಲ್ಲುತ್ತಿದ್ದೆ.

"ನಾಲ್ಕು ವರ್ಷದ್ದನ್ನು ಎರಡು ವರ್ಷದಲ್ಲಿ ಮುಗಿಸುವವರು ನೀವು," ಎಂದರು ನರ್ಸ್ ಒಂದು ದಿನ. "ಉಸಿರು ಎಣಿಸ್ಲಿಕ್ಕೆ ಮಾತ್ರ ಎಂತಕ್ಕೆ ಇಷ್ಟು ನಿಧಾನ? ಯಲ್ಲಾ, ಬೇಗ ಬೇಗ ಮಾರಾಯ್ರೆ, ಇನ್ನೂ ಆರು ಜನ ಇದ್ದಾರೆ."

ಹಾಗೆ ನಿಧಾನವಾಗಿದ್ದವನೇ ಸಿಕ್ಕಿಬಿದ್ದೆ. ಬೆಳಗಿನ ಎಂಟು ಗಂಟೆಯ ಸುತ್ತು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ ಆದ ಸುಡಾನಿನ ಮುದುಕರೊಬ್ಬರು ನಿದ್ದೆಯಲ್ಲಿದ್ದರು. ಅವರ ಉಸಿರು ಎಣಿಸಿದೆ. ಬರೆದುಕೊಳ್ಳುವಷ್ಟರಲ್ಲಿ ಪಕ್ಕದ ಹಾಸಿಗೆಯವನು ವಾಂತಿ ಮಾಡತೊಡಗಿದ. ಅವನಿಗೆ ಬೇಸಿನ್ ಹಿಡಿದು, ಬಾಯಿ ತೊಳೆಸಿ, ಹಾಸು ಬದಲಿಸಿ ಕಂಪ್ಯೂಟರಿನ ಮುಂದೆ ಬಂದಾಗ ಗಂಟೆ ಒಂಬತ್ತು ದಾಟಿತ್ತು. ಮುದುಕರ ಎಂಟು ಗಂಟೆಯ ಸಾಲಿನಲ್ಲಿ ಉಸಿರಿನ ಜಾಗ ಖಾಲಿ.

ಎಷ್ಟು ಬಂದಿತ್ತು? ನಿಂತದ್ದು ನೆನಪಿತ್ತು. ಎದೆಯ ಮೇಲೆ ಏರಿಳಿಯುತ್ತಿದ್ದ ಕಂಬಳಿಯ ನೀಲಿ ಅಂಚು ನೆನಪಿತ್ತು. ಆದರೆ ಹಿಂದಿನ ದಿನವೂ ನಾನು ಅಲ್ಲೇ ನಿಂತಿದ್ದೆ, ಕಂಬಳಿಯೂ ಅದೇ. ಹದಿನೆಂಟು ಎಂದು ಮನಸ್ಸು ಹೇಳಿತು. ಆ ವಾರ್ಡಿನಲ್ಲಿ ಯಾರ ಮನಸ್ಸಾದರೂ ಮೊದಲು ಹೇಳುವುದು ಅದನ್ನೇ. ಚಟ್ನಿಯನ್ನು ಹುಟ್ಟಿಸಿಕೊಂಡ ತಲೆಗೆ ಒಂದು ಹದಿನೆಂಟನ್ನು ಹುಟ್ಟಿಸುವುದು ಕಷ್ಟವೇ?

ಹಾಸಿಗೆಯ ಬಳಿಗೆ ವಾಪಸ್ ಹೋಗಿ ಮತ್ತೆ ಎಣಿಸಿದೆ. ಹದಿನೆಂಟು ಬಂತು.

ನರ್ಸ್ ನಕ್ಕುಬಿಟ್ಟರು. "ಆಯ್ತಲ್ಲ, ಖಲಾಸ್. ಬರೆದುಬಿಡಿ."

"ಇದು ಈಗಿನದ್ದು. ಎಂಟು ಗಂಟೆಯದ್ದಲ್ಲ."

"ಎಂಟು ಗಂಟೆಗೆ ಎಂತ, ಅವ್ರು ಉಸಿರೇ ಬಿಟ್ಟಿರ್ಲಿಲ್ವಾ?"

"ಬಿಟ್ಟಿದ್ರು. ಎಷ್ಟು ಅಂತ ನನಗೆ ಗೊತ್ತಿಲ್ಲ."

ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಿ, ನಿಮಗೆ ಮೊದಲೇ ಒಂದು ಫೇಲ್ ಉಂಟು. ನೀವು ಅಲ್ಲಿ ಗೂಟದ ಹಾಗೆ ನಿಂತು ಎಣಿಸಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ಕಾಲೇಜಿನ ಮೇಡಂ ಕೇಳಿದ್ರೆ ನಾನೇ ಹೇಳ್ತೇನೆ."

ಅವರು ಹೇಳಿದ್ದು ನಿಜ. ದುಬೈಯಿಂದ ಬರುವ ಬಸ್ಸು ತಡವಾಗಿ ಒಂದು ದಿನ ಆಗಲೇ ಫೇಲ್ ಆಗಿತ್ತು. ದಾಖಲೆಯಲ್ಲಿ ಒಂದು ಎಣಿಕೆ ಬಿಟ್ಟುಹೋದರೂ ಆ ದಿನ ಫೇಲ್. ಇನ್ನೊಂದು ದಿನ ಫೇಲಾದರೆ ವಾರ್ಡಿನ ಅಷ್ಟೂ ಕೆಲಸವನ್ನು ಮುಂದಿನ ಬ್ಯಾಚಿನ ಜೊತೆ ಮೊದಲಿನಿಂದ ಮಾಡಬೇಕು. ಎರಡು ವರ್ಷದ ಓದು ಮೂರು ವರ್ಷಕ್ಕೆ ಹೋಗುತ್ತದೆ.

"ನಾನು ಎಣಿಸಿದ್ದನ್ನು ನೀವು ನೋಡಿದ್ದೀರಿ. ಎಷ್ಟು ಬಂತು ಅಂತ ನೋಡಿಲ್ಲವಲ್ಲ," ಎಂದೆ.

ಅವರ ಮುಖದ ನಗು ಹೋಯಿತು. "ಅಂದ್ರೆ ನಾನು ಸುಳ್ಳು ಹೇಳುವವಳು."

ಅಲ್ಲ ಎಂದೆ, ಅವರು ಕೇಳಿಸಿಕೊಳ್ಳಲಿಲ್ಲ. ಆ ಗಳಿಗೆಯಿಂದ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿದರು. ಎಂಟು ಗಂಟೆಯ ಜಾಗದಲ್ಲಿ ನಾನು 'ದಾಖಲಾಗಿಲ್ಲ' ಎಂದು ಹಾಕಿದೆ. ಕೆಳಗೆ ಆಗಿನ ಸಮಯ ಕೊಟ್ಟು ಹದಿನೆಂಟು ಬರೆದೆ.

ಮಧ್ಯಾಹ್ನ ಅಧ್ಯಾಪಕಿ ಕರೆಸಿದರು. ಫಿಲಿಪೀನ್ಸಿನವರು, ಶಿಸ್ತಿನವರು, ಕೆಟ್ಟವರಲ್ಲ. ಮಾತುಗಳು ಹೆಚ್ಚುಕಡಿಮೆ ಹೀಗಿದ್ದವು. ತಡವಾಗಿ ಬರೆಯಲು ಅವಕಾಶವಿದೆ, ನೀನು ಎಣಿಸಿದ ಸಂಖ್ಯೆ ಹೇಳು, ತಡವಾದ ದಾಖಲೆ ಎಂದು ಸೇರಿಸುತ್ತೇನೆ, ಫೇಲ್ ಆಗುವುದಿಲ್ಲ ಎಂದರು. ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಸುಳ್ಳು ಹೇಳೆಂದು ಯಾರೂ ಕೇಳಿರಲಿಲ್ಲ. ನನಗೆ ನೆನಪಿದೆ ಎಂದರೆ ಸಾಕಿತ್ತು, ಅದನ್ನು ಸುಳ್ಳೆಂದು ತೋರಿಸಲು ಜಗತ್ತಿನಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ, ನನ್ನಿಂದಲೂ.

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ ಎನ್ನುವ ನರ್ಸನ್ನು ಇಟ್ಟುಕೊಂಡು ರೋಗಿ ಏನು ಮಾಡಬೇಕು?"

"ಮತ್ತೆ ಎಣಿಸು ಎನ್ನಬಹುದು. ಗೊತ್ತಿದೆ ಎಂದವರಿಗೆ ಅದನ್ನೂ ಹೇಳಲಾಗುವುದಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಪ್ರಾಮಾಣಿಕತೆಗೆ ಇಲ್ಲಿ ಬೇರೆ ಅಂಕವಿಲ್ಲ, ಬಿಟ್ಟುಹೋದ ಎಣಿಕೆ ಬಿಟ್ಟುಹೋದದ್ದೇ ಎಂದರು. ಅದು ನ್ಯಾಯವಾದ ಮಾತು. ನಾನು ವಾದಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಮುಂದಿನ ಬ್ಯಾಚಿಗೆ ಹಾಕಿದರು.

"ಒಂದು ಅಂಕಿಗೋಸ್ಕರ?" ಎಂದಳು ಹೆಂಡತಿ. "ಅದೂ ಸರಿಯಾಗಿದ್ದ ಅಂಕಿ."

"ಸರಿಯಾಗಿತ್ತು ಅಂತ ಯಾರು ಹೇಳಿದ್ದು?"

"ಸಾಕು. ಇದನ್ನು ಅಲ್ಲಿ ಹೇಳಿ ಬಂದಿದ್ದೀಯಲ್ಲ, ನನ್ನ ಹತ್ತಿರ ಬೇಡ." ಅಡುಗೆಮನೆಗೆ ಹೋಗಿ ಅಲ್ಲಿಂದಲೇ ಕೇಳಿದಳು: "ಹಳೇ ಆಫೀಸಿಗೆ ವಾಪಸ್ ಹೋಗ್ತೀಯಾ ಹಾಗಾದ್ರೆ?"

"ಇಲ್ಲ."

"ಮತ್ತೆ ಈ ಮೂತಿ ಯಾಕೆ? ಬಾ, ಊಟ ಮಾಡು."

ಆ ಆಫೀಸಿನಲ್ಲಿ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ತುಂಬಿದ ಅಂಕಿಗಳನ್ನು ನೆನೆದರೆ, ಈ ಒಂದನ್ನು ಖಾಲಿ ಬಿಟ್ಟದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿರಲಿಲ್ಲ. ಈಗಲೂ ಇಲ್ಲ. ನನ್ನ ಜೊತೆ ಸೇರಿದವರು ಪದವಿ ಪಡೆದ ದಿನ ಅವರ ಫೋಟೋಗಳನ್ನು ನೋಡಿ ಮಾತ್ರ ಸ್ವಲ್ಪ ಸಂಕಟವಾಯಿತು. ನೋಡಿ, ಫೋನನ್ನು ಮಗುಚಿಟ್ಟೆ.

ಹೊಸ ಬ್ಯಾಚಿನ ಜೊತೆ ಹೋದಾಗ ಸಿಕ್ಕಿದ್ದು ಅದೇ ವಾರ್ಡು. ಅದೇ ನರ್ಸ್ ಔಷಧದ ಗಾಡಿ ತಳ್ಳಿಕೊಂಡು ಎದುರು ಬಂದರು. ನನ್ನನ್ನು ನೋಡಿ ನಿಂತರು. ಇಂಗ್ಲಿಷ್ ಬರುತ್ತದೆಂದು ಕಾದೆ.

"ಪುನಃ ಬಂದ್ರಾ?"

"ಬಂದೆ."

"ಈ ಸಲ ಎಣಿಸಿದ ಕೂಡ್ಲೆ ಬರ್ಕೊಳ್ಳಿ. ಅಂಗೈ ಮೇಲಾದ್ರೂ ಬರ್ಕೊಳ್ಳಿ."

"ಬರ್ಕೊಳ್ತೇನೆ. ಮರೆತರೆ ಗೊತ್ತಿಲ್ಲ ಅಂತಲೇ ಹಾಕ್ತೇನೆ."

"ಹಾಗಾದ್ರೆ ಇಲ್ಲೇ ಮುದುಕ ಆಗ್ತೀರಿ," ಎಂದು ಗಾಡಿಯ ಒಂದು ತುದಿಯನ್ನು ನನ್ನ ಕಡೆ ತಿರುಗಿಸಿದರು. "ಹಿಡೀರಿ. ಆ ಮೂಲೆಯ ಹಾಸಿಗೆಯವರಿಗೆ ರಾತ್ರಿಯಿಂದ ಏದುಸಿರು. ಮೊದಲು ಅವರ ಹತ್ತಿರ ಹೋಗುವ."