ಅಕ್ಕನ ಬೆರಳಿಗೆ ಎಳೆ ಸಿಗದ ದಿನಗಳು

ಅಕ್ಕ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು.

ಇನ್ನೊಂದೆಲ್ಲಿ ಎಂದೆ. ಬಗ್ಗಿ ಪಾದ ನೋಡಿಕೊಂಡು ನಕ್ಕಳು. ಬಸ್‌ಸ್ಟ್ಯಾಂಡಿನಿಂದ ಬರಿಗಾಲಲ್ಲಿ ನಡೆದದ್ದು ಆ ಕಾಲಿಗೆ ಗೊತ್ತೇ ಆಗಿರಲಿಲ್ಲ. ಅವತ್ತು ಟಾರು ಸುಡುತ್ತಿತ್ತು ಎಂದು ನನ್ನ ನೆನಪು. “ಮೋಡ ಮುಚ್ಚಿತ್ತು ಕಣೋ” ಎಂದು ಅಕ್ಕ ಈಗಲೂ ವಾದಿಸುತ್ತಾಳೆ. ಯಾರ ನೆನಪು ಸರಿಯೋ ಹೇಳಲಾರೆ.

ಅಕ್ಕ ಓಬಮ್ಮನಿಗೆ ಎಚ್‌ಐವಿ ಬಂದದ್ದು ಭಾವನಿಂದ. ಭಾವ ತೀರಿಕೊಂಡಿದ್ದ. ಜಿಲ್ಲಾಸ್ಪತ್ರೆಯಲ್ಲಿ ಎಆರ್‌ಟಿ ಮಾತ್ರೆ ಸಿಗಲು ಶುರುವಾದ ಮೇಲೆ ಇವಳು ಚೇತರಿಸಿಕೊಂಡಿದ್ದಳು. ತಿಂಗಳಿಗೊಮ್ಮೆ ಮೊಳಕಾಲ್ಮೂರಿನಿಂದ ಹೊರಟು, ಚಳ್ಳಕೆರೆಯಲ್ಲಿ ನನ್ನ ಮನೆಯಲ್ಲಿ ಉಳಿದು, ಮರುದಿನ ನನ್ನ ಜೊತೆ ದುರ್ಗದ ಆ ಆಸ್ಪತ್ರೆಗೆ ಹೋಗುತ್ತಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಯಾವುದನ್ನೂ ಸುಮ್ಮನೆ ನಂಬಿ ಅಭ್ಯಾಸವಿಲ್ಲ. ಆ ಮಾತ್ರೆಗಳನ್ನು ಮಾತ್ರ ನಂಬಿದ್ದೆ.

ಅವಳ ಕೆಲಸ ಹಾಸು ಕೆಚ್ಚುವುದು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ, ಹೊಸ ಹಾಸಿನ ಒಂದೊಂದು ರೇಷ್ಮೆ ಎಳೆಯನ್ನೂ ಹಳೆಯದರ ತುದಿಗೆ ಸೇರಿಸಿ, ಬೂದಿ ಮುಟ್ಟಿದ ಬೆರಳಿನಿಂದ ಹೊಸೆಯಬೇಕು. ಸಾವಿರಾರು ಎಳೆ. ಕಣ್ಣಿಗೆ ಅವು ಸರಿಯಾಗಿ ಕಾಣುವುದೂ ಇಲ್ಲ. ಬೆರಳ ತುದಿಗೆ ಗೊತ್ತಾಗಬೇಕು.

“ಬೂದಿ ಮುಟ್ಟಿ ಮುಟ್ಟಿ ಬೆರಳು ಮಂದ ಆಗ್ಯಾವೆ. ಕುಂತು ಕುಂತು ಕಾಲು ಜೋಮು” ಎಂದಳು. ಕೆಚ್ಚುವ ಹೆಂಗಸರೆಲ್ಲ ಹಾಗೇ ಅನ್ನುತ್ತಾರಂತೆ. ಅದೂ ಡಾಕ್ಟರಿಗೆ ಹೇಳುವ ವಿಷಯವೇ?

ಮುಂದಿನ ಸಲ ಬಂದಾಗ ಅವಳಿಗೆ ಊಟ ಸೇರಲಿಲ್ಲ. ಮಗ್ಗದ ಮನೆಯವರು, “ನೀನು ಕೆಚ್ಚಿದ್ದು ನಿಲ್ತಿಲ್ಲಮ್ಮ, ಎಳೆದರೆ ಬಿಚ್ಕೊಂತಾವೆ” ಎಂದು ಬೇರೆಯವಳನ್ನು ಕರೆಸಿದ್ದರು.

ಮರುದಿನ ಭಾನುವಾರ, ಆಸ್ಪತ್ರೆಗೆ ರಜೆ. ಎಣ್ಣೆ ಮಿಲ್ಲಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ಎಚ್‌ಐವಿ ಇರುವ ಹೆಂಗಸರ ಸಂಘ ಸೇರುತ್ತಿತ್ತು. ಅಕ್ಕನನ್ನು ಬಿಟ್ಟು ಬಾಗಿಲ ಹೊರಗೆ ಕೂತೆ. ಒಳಗೆ ನಗು. ಇಷ್ಟೊಂದು ನಗಲು ಏನಿದೆ ಎಂದು ನನಗೆ ಯಾವತ್ತೂ ಅರ್ಥವಾಗಿರಲಿಲ್ಲ.

“ಒಂದು ಚಪ್ಪಲಿ ಕಳ್ಕಂಡಿದ್ದಕ್ಕೆ ಇಷ್ಟು ಅಳ್ತೀಯೇನೇ? ನಾನು ಎರಡೂ ಕಳ್ಕಂಡೀನಿ.” ಅದು ಲಕ್ಷ್ಮಕ್ಕನ ದನಿ. ಶೇಂಗಾ ಸುಲಿಯುವ ಕೆಲಸದವಳು, ಆಂಧ್ರದ ಗಡಿಯ ಕಡೆಯವಳು. “ಏಮ್ಮಾ, ನಿಂಗೂ ಬೆಂಕಿ ತುಳಿದಂಗೆ ಆಗ್ತೈತಾ ರಾತ್ರಿ?”

“ಆಗ್ತೈತೆ. ಕುಂತಿದ್ದಕ್ಕೆ.”

“ನಂಗೆ ಶೇಂಗಾ ಸುಲಿದಿದ್ದಕ್ಕೆ ಅಂದ್ಕಂಡಿದ್ದೆ.”

ಇನ್ಯಾರೋ ಕಳೆ ಕಿತ್ತಿದ್ದಕ್ಕೆ ಎಂದರು. ಮತ್ಯಾರೋ ಹುಣಸೆಹಣ್ಣು ಕುಟ್ಟಿದ್ದಕ್ಕೆ.

ನಗು ನಿಂತಿತು.

ಒಬ್ಬೊಬ್ಬರದು ಒಂದೊಂದು ಕೆಲಸ. ನುಂಗುವ ಮಾತ್ರೆ ಒಂದೇ.

“ಹಂಗಾದ್ರೆ ಮಾತ್ರೆ ಬಿಡ್ತೀನಿ” ಎಂದಳು ಅಕ್ಕ. “ಬೆರಳು ಹೋದಮ್ಯಾಲೆ ಯಾರ ಮನೆ ಬಾಗಿಲಿಗೆ ಹೋಗ್ಲಿ?”

ಒಳಗೆ ಹೋಗಿ ಏನಾದರೂ ಹೇಳಬೇಕೆಂದು ಎದ್ದೆ. ಎದ್ದೆನೋ, ಏಳಬೇಕೆಂದುಕೊಂಡೆನೋ. ಅಷ್ಟರಲ್ಲಿ ಲಕ್ಷ್ಮಕ್ಕ, “ಬಿಟ್ಟು ಸಾಯ್ತೀಯಾ? ಸತ್ತೋಳ ಕೈಲಿ ಯಾರು ಕೆಚ್ಚಿಸ್ತಾರೆ? ನಾಳೆ ಎಲ್ಲಾರೂ ಹೋಗಾನ. ಬ್ಯಾರೆ ಮಾತ್ರೆ ಐತಾ ಅಂತ ಕೇಳಾನ” ಎಂದಳು.

ಹೋದರು. ನಾನೂ ಜೊತೆಗೆ ಹೋದೆ. ಮುಖಕ್ಕೆ ಸೆರಗು ಮುಚ್ಚಿಕೊಂಡು, ಬಸ್ಸಿನಲ್ಲಿ ದೂರ ದೂರ ಕೂತು ಪ್ರಯಾಣ ಮಾಡುತ್ತಿದ್ದವರು ಅವತ್ತು ಒಟ್ಟಿಗೆ ಕೂತಿದ್ದರು.

ಡಾಕ್ಟರು ಅಕ್ಕನಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯಿಂದ ಬೆರಳು ಸವರಿದರು. ಗೊತ್ತಾದಾಗ ಹೇಳಮ್ಮ ಎಂದರು. ಕಾಯುತ್ತ ಕೂತಳು. ಹತ್ತಿ ಬೆರಳಿಂದ ಬೆರಳಿಗೆ ಹೋಗುತ್ತಿತ್ತು.

ಅವಳು ಇನ್ನೂ ಕಾಯುತ್ತಿದ್ದಳು.

“ಯಾಕೆ ಮೊದಲೇ ಹೇಳಲಿಲ್ಲ?”

“ಕೆಮ್ಮು ಐತಾ, ಭೇದಿ ಐತಾ ಅಂದ್ರಿ ಸಾರ್. ಬೆರಳಿಂದು ಕೇಳ್ಲಿಲ್ಲ.”

ಡಾಕ್ಟರು ತಲೆಯಾಡಿಸಿದರು. ನರಗಳ ಮೇಲೆ ಹಳೆ ಮಾತ್ರೆಯ ಸೈಡ್ ಎಫೆಕ್ಟ್. ಬದಲಿಸಬಹುದು, ಆದರೆ ರಕ್ತ ಕಡಿಮೆ ಇದ್ದವರಿಗೆ ಹೊಸದು ಒಗ್ಗುವುದಿಲ್ಲ ಎಂದರು. ಟೆಸ್ಟ್ ಆಯಿತು. ಅಕ್ಕನಿಗೆ ಬದಲಾಯಿತು. ಲಕ್ಷ್ಮಕ್ಕನಿಗೆ ಆಗಲಿಲ್ಲ, ಮೊದಲು ರಕ್ತ ಏರಬೇಕಂತೆ. “ನನ್ನ ಚಪ್ಪಲಿ ಕಾಯಾಕೆ ನಿನ್ನ ತಮ್ಮನ್ನ ಕಳಿಸೇ” ಎಂದು ಅಕ್ಕನನ್ನು ಚುಡಾಯಿಸಿದಳು. ಅವಳ ಕಣ್ಣು ನಗುತ್ತಿರಲಿಲ್ಲ. ಅಕ್ಕ ಅವಳ ಕೈಯನ್ನು ಊರು ಬರುವವರೆಗೂ ಬಿಡಲಿಲ್ಲ. ಈಗ ರಕ್ತ ಏರಲೆಂದು ಹುರಿಗಡಲೆ, ಬೆಲ್ಲ ಕಟ್ಟಿಸಿಕೊಂಡು ಭಾನುವಾರಗಳಂದು ಅವಳ ಮನೆಗೆ ಹೋಗುತ್ತಾಳೆ. ಆಸ್ಪತ್ರೆಯ ಸಾಲಿನಲ್ಲಿ ಹೊಸಬರು ಸಿಕ್ಕರೆ ಇಬ್ಬರೂ ಮೊದಲು ಕೇಳುವುದು ಕಾಲಿನ ವಿಷಯ.

ಬೆರಳಿಗೆ ಸ್ಪರ್ಶ ಬೇಗ ಬರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಬಂತು. ಪಾದಕ್ಕೆ ಇನ್ನೂ ಪೂರ್ತಿ ಬಂದಿಲ್ಲ. ಬರುತ್ತದೆಂದು ಡಾಕ್ಟರೂ ಮಾತು ಕೊಟ್ಟಿಲ್ಲ.

ಹೋದ ವಾರ ಮಗ್ಗದ ಮನೆಯವರು ಅಕ್ಕನನ್ನು ಮತ್ತೆ ಕರೆದರು. ನಾನೂ ಹೋಗಿದ್ದೆ. ಕೆಚ್ಚಿ ಮುಗಿಸಿದಳು. ನೇಕಾರ ಹೊಸ ಹಾಸನ್ನು ಮೆಲ್ಲಗೆ ಮುಂದಕ್ಕೆಳೆದ. ಎಳೆಗಳು ಸರಿದು ಬಂದವು. ನಡುವೆ ನಾಲ್ಕೈದು ಪಟಪಟನೆ ಹರಿದವು. ಅಕ್ಕನ ಮುಖ ನೋಡಿದೆ.

ಅವಳು ಬೂದಿಯ ಕೈ ಒರೆಸಿಕೊಳ್ಳುತ್ತಿದ್ದಳು.

“ಎಲ್ಲಾರ ಕೈಯಾಗೂ ಅಷ್ಟು ಹರಿತಾವೆ ಬಿಡೋ.”