ಶಿವಣ್ಣನವರ ರಕ್ತದ ಬಗ್ಗೆ ನಾನು ಆಡಿದ ಮಾತು

ಮಂಗಳಮ್ಮ ಎಂಬ ಹೆಂಗಸಿಗೆ ನಾನು ಸುಳ್ಳು ಹೇಳಿದೆ. ನಿಮ್ಮ ಯಜಮಾನರ ರಕ್ತಕಣಗಳು ಚೆನ್ನಾಗಿ ಹೋರಾಡುತ್ತಿವೆ ಎಂದೆ. ಹೋರಾಡುತ್ತಿರಲಿಲ್ಲ — ಅದನ್ನು ಆ ಬೆಳಿಗ್ಗೆಯೇ ಕಣ್ಣಾರೆ ನೋಡಿ ಬಂದಿದ್ದೆ.

ಸಮಾಧಾನಕ್ಕೆಂದು ಆಡಿದ ಮಾತು ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ.

ಆಗ ನಾನು ಮೈಸೂರಿನ ಒಂದು ಆಸ್ಪತ್ರೆಗೆ ಸೇರಿದ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನಾನು ಡಾಕ್ಟರಲ್ಲ, ಬಿಳಿ ಕೋಟು ಹಾಕುತ್ತಿದ್ದೆ, ಅಷ್ಟೆ. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು, ಆ ಗಾಯದ ಸೋಂಕು ರಕ್ತಕ್ಕೆ ಏರಿದವರ ಬಿಳಿ ರಕ್ತಕಣಗಳು ಹೇಗೆ ವರ್ತಿಸುತ್ತವೆ ಎಂದು ನೋಡುವುದು ನನ್ನ ಕೆಲಸ. ತುಸು ರಕ್ತಕ್ಕೆ ಸತ್ತ ರೋಗಾಣುಗಳನ್ನು ಬೆರೆಸಿ, ಸ್ವಲ್ಪ ಹೊತ್ತು ಬೆಚ್ಚಗಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆರೋಗ್ಯವಂತರ ಕಣಗಳಾದರೆ ರೋಗಾಣುಗಳನ್ನು ನುಂಗಿ ಹೊಟ್ಟೆ ಉಬ್ಬಿಸಿಕೊಂಡಿರುತ್ತವೆ. ದೊಡ್ಡ ಪೆಟ್ಟು ತಿಂದ ಮೈಯಲ್ಲಿ ಇವು ಮೊದಲು ವಿಪರೀತ ಕೆರಳುತ್ತವೆ. ಆಮೇಲೆ ಕೆಲವರಲ್ಲಿ ಸೋತುಹೋಗುತ್ತವೆ. ಬೇಕಾದಷ್ಟು ಇದ್ದರೂ ಕೆಲಸಕ್ಕೆ ಬರುವುದಿಲ್ಲ. ಯಾರಲ್ಲಿ, ಯಾವಾಗ ಹೀಗಾಗುತ್ತದೆ — ಅದೇ ನನ್ನ ಪ್ರಶ್ನೆಯಾಗಿತ್ತು. ನನ್ನ ಪರೀಕ್ಷೆಯಿಂದ ಯಾರ ಚಿಕಿತ್ಸೆಯೂ ಬದಲಾಗುತ್ತಿರಲಿಲ್ಲ. ಕಂಡದ್ದನ್ನು ರೋಗಿಯ ಮನೆಯವರಿಗೆ ಹೇಳುವಂತೆಯೂ ಇರಲಿಲ್ಲ.

ಶಿವಣ್ಣನವರಿಗೆ ಕುವೆಂಪುನಗರದಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇತ್ತು. ರಿಪೇರಿಯಾದ ಗಾಡಿಯನ್ನು ಓಡಿಸಿ ನೋಡಲು ಹೋದಾಗ ಲಾರಿ ತಗುಲಿ, ತೊಡೆಯ ಮೂಳೆ ಮುರಿದು ಚರ್ಮ ಸೀಳಿಕೊಂಡು ಹೊರಬಂದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಗಾಯ ಕೀವು ಕಟ್ಟಿತು, ಚಳಿಜ್ವರ ಶುರುವಾಯಿತು, ನಂಜು ರಕ್ತಕ್ಕೇರಿತು. ಐಸಿಯುಗೆ ಹಾಕಿದರು. ನನ್ನ ಅಧ್ಯಯನಕ್ಕೆ ದಿನಾ ಸ್ವಲ್ಪ ರಕ್ತ ಕೊಡಲು ಮಂಗಳಮ್ಮ ಒಪ್ಪಿದರು. "ತಕ್ಕಳಿ ಕಣಮ್ಮ, ನಾಳೆ ಇನ್ಯಾರಿಗಾದ್ರೂ ಒಳ್ಳೇದಾಗ್ಲಿ" ಎಂದಿದ್ದರು. ಅಷ್ಟು ಸರಳವಾಗಿ ಒಪ್ಪಿದವರು ನನಗೆ ಬೇರೆ ಯಾರೂ ಸಿಕ್ಕಿರಲಿಲ್ಲ.

ನಾನು ಸುಳ್ಳು ಹೇಳಿದ ದಿನದ ಬೆಳಿಗ್ಗೆ ಶಿವಣ್ಣನವರ ರಕ್ತವನ್ನು ನೋಡಿದೆ. ಕಣಗಳು ಇದ್ದವು, ರೋಗಾಣುಗಳೂ ಇದ್ದವು — ಪಕ್ಕಪಕ್ಕದಲ್ಲೇ, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ. ನುಂಗಿದ ಕಣ ಹುಡುಕಿದರೂ ಸಿಗಲಿಲ್ಲ. ನನಗೆ ಭಯವಾಯಿತೇ? ಆಗಲಿಲ್ಲ. ಖುಷಿಯಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಖುಷಿಯೇ. ನಾನು ಹುಡುಕುತ್ತಿದ್ದದ್ದು ಇದನ್ನೇ. ಸೋಂಕಿನ ಮೊದಲ ದಿನದಿಂದಲೂ ದಿನಾ ರಕ್ತ ಕೊಟ್ಟಿದ್ದವರಲ್ಲಿ ಕಣಗಳು ಹೀಗೆ ಕೈಚೆಲ್ಲಿದ್ದನ್ನು ಕಂಡದ್ದು ಅದೇ ಮೊದಲು. ಮರುದಿನದ ರಕ್ತ ಸಿಕ್ಕರೆ ಚಿತ್ರ ಪೂರ್ತಿಯಾಗುತ್ತಿತ್ತು.

ಐಸಿಯುವಿನ ಹೊರಗೆ ಮಂಗಳಮ್ಮನ ಜೊತೆ ಅವರ ಮೈದುನ ಮಹದೇವು ನಿಂತಿದ್ದರು. ಶಿವಣ್ಣನವರಿಗೆ ಆಗಿನ್ನೂ ಎಚ್ಚರವಿತ್ತು, ಮೆಲ್ಲಗೆ ಮಾತಾಡುತ್ತಿದ್ದರು.

"ಅತ್ಗೆ, ದಿನಾ ರಕ್ತ ತೆಗುದ್ರೆ ಮನ್ಸ ಎಂಗೆ ಉಳೀತಾನೆ? ಸಾಕು ಅಂದ್ಬುಡಿ ಇವ್ರಿಗೆ" ಎಂದು ಮಹದೇವು ನನ್ನ ಕಡೆ ಕೈ ತೋರಿಸಿದರು. "ಡಾಕ್ಟ್ರು ಯೋಳಿದ್ದು ಕೇಳಿಸ್ಲಿಲ್ವಾ? ನಾಳೆ ಬಾಯೊಳೀಕೆ ಪೈಪ್ ಹಾಕ್ಬೇಕಾಗಬೌದಂತೆ. ಆಮೇಲೆ ಅಣ್ಣ ಮಾತಾಡಂಗಿಲ್ಲ. ಪವಿತ್ರಂಗೆ ಈಗ್ಲೇ ಫೋನ್ ಮಾಡಿ ಕರೆಸ್ಬುಡಿ."

ಪವಿತ್ರಾ ಶಿವಣ್ಣನವರ ಒಬ್ಬಳೇ ಮಗಳು. ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಪರೀಕ್ಷೆ ಬರೆಯುತ್ತಿದ್ದಳು. ಅಪ್ಪನಿಗೆ ಕಾಲು ಮುರಿದಿದೆ ಎಂಬುದಷ್ಟೇ ಅವಳಿಗೆ ಗೊತ್ತು.

ಮಂಗಳಮ್ಮ ನನ್ನ ಕಡೆ ತಿರುಗಿದರು. "ಅಮ್ಮಾ, ನೀವು ದಿನಾ ನೋಡ್ತೀರಲ್ಲ ಅವ್ರ ರಕ್ತಾನ. ಏನಂತದೆ ಅದು? ಓರಾಡ್ತಾ ಐತಾ?"

ನನಗೆ ಗೊತ್ತಿಲ್ಲ, ಡಾಕ್ಟರನ್ನೇ ಕೇಳಿ — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಮಹದೇವು ಅವರ ಮುಖದಲ್ಲಿ 'ಸಾಕು' ಎಂಬ ಮಾತು ಇನ್ನೂ ಇತ್ತು. ನಾನೆಂದೆ:

"ಚೆನ್ನಾಗಿ ಹೋರಾಡ್ತಿವೆ ಮಂಗಳಮ್ಮ. ನಾಳೆದೂ ಒಂದು ನೋಡಿದ್ರೆ ಇನ್ನೂ ಸ್ಪಷ್ಟ ಆಗುತ್ತೆ."

ಆ ಎರಡನೆಯ ವಾಕ್ಯ — ಸಮಾಧಾನ ಹೇಳುವವರು ಅದನ್ನು ಸೇರಿಸುವುದಿಲ್ಲ. ನನ್ನ ಆಸೆ ಇದ್ದದ್ದು ಅದರಲ್ಲಿ.

ಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮೈದುನನಿಗೆ ಹೇಳಿದರು: "ನೋಡ್ದಾ? ಓರಾಡ್ತಾ ಐತಂತೆ. ಮಗೀದು ಪರೀಕ್ಷೆ ಮುಗೀಲಿ ಬುಡು. ಈಗ ಹೆದ್ರಿಸೋದು ಬ್ಯಾಡ."

ಮರುದಿನ ಉಸಿರಾಟ ಕೆಟ್ಟು ಶಿವಣ್ಣನವರನ್ನು ವೆಂಟಿಲೇಟರಿಗೆ ಹಾಕಿದರು. ನನಗೆ ಬೇಕಾದ ರಕ್ತ ಸಿಕ್ಕಿತು. ಅವರಿಗೆ ಮತ್ತೆ ಎಚ್ಚರವಾಗಲಿಲ್ಲ, ಆ ರಾತ್ರಿಯೇ ತೀರಿಕೊಂಡರು. ಪವಿತ್ರಾ ಬಂದದ್ದು ಅಪ್ಪನ ಹೆಣ ತೆಗೆದುಕೊಂಡು ಹೋಗಲು. ಮೋರ್ಚರಿಯ ಬಾಗಿಲಲ್ಲಿ ಅವಳು ತಾಯಿಗೆ, "ಚಿಕ್ಕಪ್ಪ ಕರೆಸು ಅಂದ್ರೂ ಯಾಕಮ್ಮ ಕರೆಸ್ಲಿಲ್ಲ?" ಎಂದು ಕೇಳಿದ್ದು ನನಗೆ ಕೇಳಿಸಿತು. ನಾನು ಕಂಬದ ಹಿಂದೆ ಸರಿದು, ಇನ್ನೊಂದು ಬಾಗಿಲಿಂದ ಪ್ರಯೋಗಾಲಯಕ್ಕೆ ಹೋದೆ.

ಶಿವಣ್ಣನವರ ರಕ್ತ ನನ್ನ ಪ್ರಬಂಧದ ಮುಖ್ಯ ಅಧ್ಯಾಯವಾಯಿತು. ಪರೀಕ್ಷಕರು ಮೆಚ್ಚಿದರು. ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ರಾಮಕೃಷ್ಣನಗರದಲ್ಲಿ ಮನೆಯಾಯಿತು. ನಾನು ಕೆಟ್ಟವಳಂತೇನೂ ಬದುಕಲಿಲ್ಲ — ಅದನ್ನು ಯೋಚಿಸಿದರೆ ಈಗ ವಿಚಿತ್ರ ಎನಿಸುತ್ತದೆ.

ಹೋದ ವರ್ಷ ಒಂದು ರವಿಕೆ ಹೊಲಿಸಲು ಕುವೆಂಪುನಗರದ ಒಂದು ಟೈಲರಿಂಗ್ ಅಂಗಡಿಗೆ ಹೋದೆ. ಅಳತೆ ತೆಗೆಯುತ್ತಿದ್ದ ಹೆಂಗಸು ಟೇಪನ್ನು ನನ್ನ ಹೆಗಲ ಮೇಲೆ ಹಾಗೇ ಬಿಟ್ಟು ಮುಖ ನೋಡಿದರು. "ನೀವು ಆಸ್ಪತ್ರೆ ರಕ್ತದ ಮೇಡಂ ಅಲ್ವಾ?"

ಮಂಗಳಮ್ಮ. ಶಿವಣ್ಣನವರ ಅಂಗಡಿಯನ್ನೇ ಅವರು ಹೊಲಿಗೆ ಅಂಗಡಿ ಮಾಡಿಕೊಂಡಿದ್ದರು. ನನ್ನನ್ನು ಕೂರಿಸಿ ಕಾಫಿ ತರಿಸಿದರು. "ಅಷ್ಟು ಜನದಲ್ಲಿ ನಂಗೆ ಧೈರ್ಯ ಯೋಳಿದ್ದು ನೀವೊಬ್ರೇ ಕಣಮ್ಮ" ಎಂದರು. ಆಮೇಲೆ ಮಗಳ ಮಾತು ಬಂತು. ಪವಿತ್ರಾ ತುಮಕೂರಿನಲ್ಲೇ ಟೀಚರಾಗಿದ್ದಾಳೆ, ಅಲ್ಲೇ ಮದುವೆ, ಈಗ ತುಂಬಿದ ಬಸುರಿ. "ಬಾಣಂತನಕ್ಕೆ ಬರಲ್ಲ ಅಂದ್ಬುಟ್ಳು. ಅಪ್ಪನ್ನ ಕೊನೇಗೊಂದು ಮಾತಾಡ್ಸಕ್ಕೂ ಬುಡ್ಲಿಲ್ಲ ನೀನು, ನಿನ್ನ ಮನೇಗೆ ಯಾಕೆ ಬರ್ಲಿ ಅಂತಾಳೆ. ನಿಜ ತಾನೇ? ನಾನೇ ತಾನೇ ಬ್ಯಾಡ ಅಂದಿದ್ದು."

ಕಾಫಿ ಕುಡಿದೆ. ರವಿಕೆ ಯಾವಾಗ ಸಿಗುತ್ತದೆ ಎಂದು ಕೇಳಿ ಎದ್ದು ಬಂದೆ. ಮೊದಲನೆಯ ಸಲ ಸುಳ್ಳು ಹೇಳಿದಾಗ ನನಗೆ ಅವಸರವಿತ್ತು, ವಯಸ್ಸು ಚಿಕ್ಕದು. ಈ ಸಲ ನಿಜ ಮುಚ್ಚಿಡಲು ಯಾವ ನೆಪವಿತ್ತು?

ರವಿಕೆ ತರುವ ನೆಪದಲ್ಲಿ ಮತ್ತೆ ಹೋದ ದಿನ ಎಲ್ಲವನ್ನೂ ಹೇಳಿದೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು, ಖುಷಿಯಾದದ್ದು, ಮರುದಿನದ ರಕ್ತಕ್ಕಾಗಿ ಸುಳ್ಳು ಹೇಳಿದ್ದು. ಮಂಗಳಮ್ಮ ಹೊಲಿಗೆ ಮೆಷಿನ್ನಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದರು. ಅಳಲಿಲ್ಲ, ಬಯ್ಯಲಿಲ್ಲ.

"ನಿಜ ಯೋಳಿದ್ರೆ ಅವ್ರು ಉಳೀತಿದ್ರಾ?"

"ಇಲ್ಲ. ಆದ್ರೆ ನೀವು ಮಗಳನ್ನ ಕರೆಸ್ತಿದ್ರಿ."

"ಊಂ. ಕರೆಸ್ತಿದ್ದೆ." ಮೊಬೈಲಿನಲ್ಲಿ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟರು. "ನಂಗೆ ಯೋಳಿ ಏನು ಬಂತು? ಅವಳಿಗೆ ಯೋಳಿ."

ಹೇಳಿದೆ. ಆ ಕಡೆ ಪವಿತ್ರಾ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ ಕೇಳಿದಳು: "ಆವತ್ತು ಅಪ್ಪ ಮಾತಾಡ್ತಿದ್ರಾ?"

"ಮಾತಾಡ್ತಿದ್ರು."

"ನನ್ನ ಕೇಳಿದ್ರಾ?"

ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು. ಅವಳಿಗೆ ಬೇಕಾದದ್ದು ಆ ಒಂದು ಮಾತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಂಗಳಮ್ಮ ಎದುರಿಗೆ ನಿಂತು ನನ್ನ ತುಟಿಗಳನ್ನೇ ನೋಡುತ್ತಿದ್ದರು.

"ಸಿಸ್ಟರ್ ರಕ್ತ ತೆಗೀವಾಗ ನಾನು ಪಕ್ಕದಲ್ಲಿದ್ದೆ" ಎಂದೆ. "ನೀರು ಕೇಳಿದ್ರು. ನನಗೆ ಕೇಳಿಸಿದ್ದು ಅಷ್ಟೇ. ನಿಮ್ಮ ಹೆಸರು ನನಗೆ ಕೇಳಿಸಲಿಲ್ಲ."

"ಅಮ್ಮಂಗೆ ಕೊಡಿ ಫೋನು" ಎಂದಳು ಪವಿತ್ರಾ.

ಕೊಟ್ಟೆ. ಮಂಗಳಮ್ಮ ಮೊಬೈಲನ್ನು ಎದೆಗೆ ಒತ್ತಿ ಹಿಡಿದು, ಮಗಳಿಗೆ ಕೇಳಿಸದಂತೆ ನನಗೆ ಹೇಳಿದರು: "ನೀವು ಹೊರಡಿ. ಇನ್ನು ಈ ಕಡೆ ಬರ್ಬ್ಯಾಡಿ." ಆಮೇಲೆ ಗೋಡೆಯ ಕಡೆ ತಿರುಗಿ, "ಮಗಾ..." ಎಂದರು.

ಆಮೇಲೆ ತಾಯಿ-ಮಗಳು ಏನು ಮಾತಾಡಿದರೋ, ಪವಿತ್ರಾ ಬಾಣಂತನಕ್ಕೆ ಬಂದಳೋ ಇಲ್ಲವೋ, ನನಗೆ ಗೊತ್ತಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆ ಈಗಲೂ ಇದೆ. ಆದರೆ ಅವರು ಬರಬೇಡಿ ಎಂದಿದ್ದಾರೆ, ನಾನು ಹೋಗಿಲ್ಲ.