ಬಲಗಡೆಯವನ ಎಡಗೆನ್ನೆ

ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಕನ್ನಡಿ ಮಾತ್ರ ಗೋಡೆ ತುಂಬ. ಕ್ಷೌರಿಕ ಆ ಕುರ್ಚಿಯನ್ನು ಕನ್ನಡಿಗೆ ನೇರವಾಗಿ ಹಾಕದೆ ಒಂದಿಷ್ಟು ಓರೆಯಾಗಿ ಹಾಕಿದ್ದ. ಹಾಗೆ ಹಾಕಿದರೆ ಗಿರಾಕಿಗೆ ಕ್ಷೌರಿಕನ ಬಲಗೆನ್ನೆಯಷ್ಟೇ ಕಾಣುತ್ತಿತ್ತು. ಬಾಗಿಲಲ್ಲಿ ನಿಂತವರೊಡನೆ ಮಾತಾಡುವಾಗಲೂ ಬಲಗಡೆ, ಮಗಳ ಮದುವೆ ಫೋಟೋದಲ್ಲೂ ಬಲಗಡೆ. ಬೀದಿಯವರು ಅವನಿಗೆ ‘ಬಲಗಡೆಯವನು’ ಎಂದೇ ಹೆಸರಿಟ್ಟಿದ್ದರು. ಬೀದಿಗೆ ಬೇರೆ ಕೆಲಸವೇನು? ಆದರೆ ಅವನ ಶೇವಿಂಗು, ಅದಾದ ಮೇಲಿನ ಬಿಸಿ ಟವೆಲು, ಹೆಬ್ಬೆರಳಲ್ಲಿ ಕೆನ್ನೆ ತೀಡುವ ವರಸೆ, ಇಷ್ಟಕ್ಕಾಗಿ ಊರಾಚೆಯಿಂದಲೂ ಜನ ಬರುತ್ತಿದ್ದರು. ಅವನ ಕೈ ಸೋಕಿದರೆ ಮುಖಕ್ಕೆ ಕಳೆ ಬರುತ್ತದೆ ಎನ್ನುವುದು ಸುಳ್ಳಲ್ಲ. ಅವನೂ ಅದನ್ನು ನಂಬಿದ್ದ, ಸ್ವಲ್ಪ ಜಾಸ್ತಿಯೇ ನಂಬಿದ್ದ.

ಎಡಗೆನ್ನೆಯಲ್ಲಿ ತಗ್ಗಿತ್ತು. ನಿಂಬೆಹಣ್ಣಿನ ಹೋಳು ಕೂರುವಷ್ಟು ದೊಡ್ಡದು. ಅವನು ಎಳೆಗೂಸಾಗಿದ್ದಾಗ ಅಲ್ಲೊಂದು ಬಾವು ಎದ್ದು, ಕೂಸು ಅತ್ತೂ ಅತ್ತೂ ಸುಸ್ತಾದಾಗ, ಅಮ್ಮ ತನಗೆ ತಿಳಿದ ಮದ್ದು ಮಾಡಿದ್ದಳು. ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಿದ್ದಳು. ಗಂಟಿನ ಬಿಸಿ ಹೆಚ್ಚಾಗಿತ್ತು. ಬಾವೇನೋ ಒಡೆಯಿತು, ಜೊತೆಗೆ ಚರ್ಮದಡಿಯ ಕೊಬ್ಬೂ ಸುಟ್ಟುಹೋಯಿತು, ಮತ್ತೆ ತುಂಬಿಕೊಳ್ಳಲಿಲ್ಲ. ಅವನಿಗೆ ಇದು ಬೀದಿಯವರಿಂದ ತಿಳಿದದ್ದು, ಮನೆಯಲ್ಲಿ ಯಾರೂ ಈ ಮಾತು ಎತ್ತಿದವರಲ್ಲ. ಅಮ್ಮ ಮಾತ್ರ ಅಂದಿನಿಂದ ಮಗನ ಬಲಗಡೆಗೇ ಕೂತು ಉಣ್ಣಿಸಿದಳು, ಬಲಗಡೆಗೇ ನಿಂತು ತಲೆ ಬಾಚಿದಳು. ಅವನಿಗೆ ಬಲಗಡೆಯ ಚಾಳಿ ಹತ್ತಿದ್ದೇ ಅಲ್ಲಿಂದ.

ಈಗ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಣ್ಣ ಆಪರೇಷನ್ನು, ತಡ ಮಾಡಿದರೆ ಕಷ್ಟ ಎಂದು ಕಣ್ಣಿನ ಡಾಕ್ಟರು ಹೇಳಿಯಾಗಿತ್ತು. ಅಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ನೋಡಬೇಕಾದ್ದೆಲ್ಲ ನೋಡಿಯಾಯಿತು ಎನ್ನುತ್ತಿದ್ದಳು. ಗೋಡೆ ತಡವಿಕೊಂಡು ನಡೆದಳು, ಮೆಟ್ಟಿಲಲ್ಲಿ ಜಾರಿದಳು, ಒಲೆಯ ಹತ್ತಿರ ಮುಂಗೈ ಸುಟ್ಟುಕೊಂಡಳು, ಆದರೂ ಊಹೂಂ. ಮಗ ಗದರಿ ನೋಡಿದ, ಬೇಡಿ ನೋಡಿದ. ಕಡೆಗೆ ಅಸಲು ಕಾರಣ ಅವನ ಹೆಂಡತಿಗೆ ತಿಳಿಯಿತು. ಇಬ್ಬರೂ ಕೂತು ಬಟ್ಟೆ ಮಡಿಸುವಾಗ ಅತ್ತೆ ತಾನಾಗಿಯೇ ಹೇಳಿದ್ದಳು: “ಮಂಜಾಗಿರೋದೇ ವಾಸಿ ಕಣೆ. ಅವನ ಕೆನ್ನೆ ಈಗ ತುಂಬಿಕೊಂಡ ಹಾಗೇ ಕಾಣುತ್ತೆ.”

ಹೆಂಡತಿಯಿಂದ ಇದನ್ನು ಕೇಳಿದ ಕ್ಷೌರಿಕ ಅಂಗಡಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು ಅತ್ತ. ಆಮೇಲೆ ಸಿಟ್ಟು ಬಂತು. ತನ್ನ ಕೆನ್ನೆಯೊಂದರ ದೆಸೆಯಿಂದ ಅಮ್ಮ ಕುರುಡಾಗಲು ಹೊರಟಿದ್ದಾಳಲ್ಲ!

ತಗ್ಗು ತುಂಬುವ ಡಾಕ್ಟರಮ್ಮ ಒಬ್ಬರಿದ್ದಾರೆಂದು ಗಿರಾಕಿಯೊಬ್ಬರಿಂದ ತಿಳಿದು ಅಲ್ಲಿಗೆ ಹೋದ. ಹೊಟ್ಟೆಯಿಂದ ಸಣ್ಣ ಕೊಳವೆಯಲ್ಲಿ ಕೊಬ್ಬು ತೆಗೆದು ಕೆನ್ನೆಗೆ ಹಾಕುತ್ತೇವೆ ಎಂದರು ಆಕೆ. ಒಂದೇ ಉಂಡೆ ಮಾಡಿ ತುಂಬಿಬಿಟ್ಟರೆ ಕೆಲಸ ಬೇಗ ಆಗುವುದಿಲ್ಲವೇ ಎಂದು ಇವನು ಕೇಳಿದ. ಡಾಕ್ಟರಮ್ಮ ನಕ್ಕು, ಸಮಾಧಾನವಾಗಿ ಬಿಡಿಸಿ ಹೇಳಿದರು. ತೆಗೆದ ಕೊಬ್ಬಿಗೆ ರಕ್ತದ ಸಂಪರ್ಕ ಕಡಿದುಹೋಗಿರುತ್ತದೆ. ಹೊಸ ಜಾಗದಲ್ಲಿ ಅದು ಮೊದಲ ಕೆಲವು ದಿನ ಅಕ್ಕಪಕ್ಕದ ಮಾಂಸದ ಪಸೆ ಹೀರಿಕೊಂಡು ಜೀವ ಹಿಡಿದಿರಬೇಕು, ಒದ್ದೆ ಬಟ್ಟೆಗೆ ತಾಗಿದ ಒಣ ಬಟ್ಟೆ ತೇವ ಎಳೆದುಕೊಳ್ಳುವ ಹಾಗೆ. ಅಷ್ಟರೊಳಗೆ ಸುತ್ತಲಿನಿಂದ ಸಣ್ಣ ಸಣ್ಣ ರಕ್ತನಾಳಗಳು ಬೆಳೆದು ಬಂದು ಅದನ್ನು ಮುಟ್ಟಬೇಕು. ಉಂಡೆ ತುಂಬಿದರೆ ಅಂಚಿನದು ಬದುಕುತ್ತದೆ, ನಡುವಿನದು ಹಸಿದು ಸಾಯುತ್ತದೆ. ಅದಕ್ಕೇ ಹನಿ ಹನಿಯಾಗಿ, ಒಂದೊಂದು ಹನಿಯ ಸುತ್ತಲೂ ಜೀವಂತ ಮಾಂಸ ಇರುವಂತೆ ಹರಡುವುದು. ಹಾಗೆ ಮಾಡಿದರೂ ಅರ್ಧದಷ್ಟು ಕರಗಿಹೋಗಬಹುದು. ಕೆಲವು ತಿಂಗಳ ನಂತರ ಉಳಿದದ್ದು ಮಾತ್ರ ಕಾಯಂ. ಅಲ್ಲಿಯವರೆಗೆ ಒತ್ತಬಾರದು, ಉಜ್ಜಬಾರದು, ಶಾಖ ತಾಗಿಸಬಾರದು. ಅಲ್ಲೊಂದು ಕೆನ್ನೆ ಇದೆ ಅನ್ನೋದನ್ನೇ ಮರೆತುಬಿಡಿ ಎಂದರು.

ಕೊಬ್ಬು ಸಾಕಾಗುತ್ತದೋ ಇಲ್ಲವೋ ಎಂದು ಅವನು ಮನೆಯಲ್ಲಿ ಚಿಂತೆ ಮಾಡಿದರೆ, ಆ ಹೊಟ್ಟೆಯಲ್ಲಿ ಬೀದಿಗೆಲ್ಲ ಹಂಚಿ ಮಿಗುವಷ್ಟಿದೆ, ಕೆನ್ನೆಗೇನು ಬರ ಎಂದಳು ಹೆಂಡತಿ. ಅವನು ಅಮ್ಮನ ಹತ್ತಿರ ಕೂತು ಒಂದು ಕರಾರು ಹಾಕಿದ. “ನನ್ನ ಕೆನ್ನೆ ತುಂಬಿ ನಿಂತರೆ ನೀನು ಕಣ್ಣು ಮಾಡಿಸ್ಕೋಬೇಕು.” “ನಿಲ್ಲಲಿ, ನೋಡೋಣ” ಎಂದಳು ಅಮ್ಮ.

ಕೆನ್ನೆಯ ಆಪರೇಷನ್ನು ಆಯಿತು. ಎಡಗೆನ್ನೆ ಬಾಯಲ್ಲಿ ಕಲ್ಲುಸಕ್ಕರೆ ಅಡಗಿಸಿಟ್ಟುಕೊಂಡವನ ಕೆನ್ನೆಯಂತೆ ಉಬ್ಬಿ ಕೂತಿತು. ಮುಟ್ಟಿದರೆ ಜೋಮು ಹಿಡಿದಂತೆ, ಏನೂ ಗೊತ್ತಾಗುತ್ತಿರಲಿಲ್ಲ. ಅಂಗಡಿ ತೆರೆದ ದಿನ ಅವನು ಮಾಡಿದ ಮೊದಲ ಕೆಲಸ ಕುರ್ಚಿಯನ್ನು ಕನ್ನಡಿಗೆ ನೇರ ಮಾಡಿದ್ದು. ಇಷ್ಟು ವರ್ಷಕ್ಕೆ ಎಡಗಡೆಯವರ ದರ್ಶನವಾಯಿತು ಎಂದು ಗಿರಾಕಿಗಳು ಕಿಚಾಯಿಸಿದರು. ಅವನಿಗೆ ಅದೂ ಖುಷಿಯೇ.

ಆದರೆ ಊತ ಇಳಿಯತೊಡಗಿತು. ಇಳಿಯುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ಅವನೂ ತಲೆಯಾಡಿಸಿ ಬಂದಿದ್ದ. ಬೇರೆ ಕಸುಬಿನವನಾಗಿದ್ದರೆ ಬೆಳಿಗ್ಗೆ ಒಮ್ಮೆ ಕನ್ನಡಿ ನೋಡಿ ಸುಮ್ಮನಾಗುತ್ತಿದ್ದನೋ ಏನೋ. ಇವನು ದಿನವಿಡೀ ಕನ್ನಡಿಯ ಮುಂದೆ ನಿಲ್ಲುವವನು. ಒಂದೊಂದು ಗಿರಾಕಿಯ ತಲೆಯ ಮೇಲಿಂದಲೂ ತನ್ನ ಕೆನ್ನೆ ಇಳಿಯುವುದನ್ನೇ ನೋಡಿದ. ಇದೂ ಕನ್ನಡಿಯೊಳಗಿನ ಗಂಟಾಯಿತಲ್ಲ, ಅಮ್ಮನಿಗೆ ಏನು ಮುಖ ತೋರಿಸಲಿ ಎಂದು ಒಳಗೊಳಗೇ ಬೆಂದ. ಆಮೇಲೆ ಅವನ ಬುದ್ಧಿ ಓಡಿತು. ಓಡದೇ ಇದ್ದಿದ್ದರೆ ಚೆನ್ನಾಗಿತ್ತು. ಕೊಬ್ಬಿಗೆ ರಕ್ತ ಬರಬೇಕು ತಾನೇ? ಕೆನ್ನೆಗೆ ರಕ್ತ ತರಿಸುವುದನ್ನು ತನಗೆ ಯಾರು ಹೇಳಿಕೊಡಬೇಕು? ಉಜ್ಜಬೇಡಿ ಅಂದದ್ದು ಒರಟು ಕೈಯವರಿಗೆ ಹೇಳಿದ ಮಾತು, ತನ್ನಂಥವರಿಗಲ್ಲ.

ಇರಲಾರದವನು ಇರುವೆ ಬಿಟ್ಟುಕೊಂಡನಂತೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದಾಗ, ಹಬೆ ಪೆಟ್ಟಿಗೆಯಿಂದ ಟವೆಲು ತೆಗೆದು ಎಡಗೆನ್ನೆಗೆ ಒತ್ತಿಕೊಂಡ. ಜೋಮು ಇನ್ನೂ ಬಿಟ್ಟಿರಲಿಲ್ಲವಾಗಿ ಬಿಸಿ ಎಷ್ಟೆಂದು ತಿಳಿಯಲೇ ಇಲ್ಲ. ಆಮೇಲೆ ದವಡೆಯಿಂದ ಕಿವಿಯವರೆಗೆ ಹೆಬ್ಬೆರಳಲ್ಲಿ ತೀಡಿದ, ತನ್ನ ಅತಿ ಒಳ್ಳೆಯ ಗಿರಾಕಿಗೂ ಮಾಡದಷ್ಟು ಶ್ರದ್ಧೆಯಿಂದ. ಮರುದಿನವೂ ಮಾಡಿದ, ಅದರ ಮರುದಿನವೂ. ಕೆನ್ನೆ ಕೆಂಪಗಾದಾಗ ರಕ್ತ ಬಂತು ಎಂದು ಹಿಗ್ಗಿದ. ಚರ್ಮದ ಮೇಲೆ ಗುಳ್ಳೆ ಎದ್ದು, ಒಳಗೆ ಬಟಾಣಿಯಂಥ ಗಟ್ಟಿ ಗಂಟು ಕೈಗೆ ಸಿಕ್ಕಾಗ ಹೆಂಡತಿಯನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಓಡಿದ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಹೊಸ ರಕ್ತನಾಳ ಅಂದ್ರೆ ಕೂದಲಿಗಿಂತ ಸಣ್ಣ. ಅವು ಬರ್ತಾ ಇದ್ವು. ನೀವು ಸುಟ್ಟು, ಉಜ್ಜಿ ಹರಿದು ಹಾಕಿದ್ರಿ” ಎಂದರು. ಸತ್ತ ಕೊಬ್ಬೇ ಆ ಗಂಟು, ಮೈ ಅದನ್ನು ನಿಧಾನವಾಗಿ ಕರಗಿಸುತ್ತದೆ, ಇನ್ನಾದರೂ ಕೈ ಕಟ್ಟಿ ಕೂತಿರಿ ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹೆಂಡತಿ ದಾರಿಯುದ್ದಕ್ಕೂ ಅಂದಳು.

ಆಮೇಲಿನ ತಿಂಗಳುಗಳಲ್ಲಿ ಅವನು ಆ ಕೆನ್ನೆಯ ಗೊಡವೆಗೆ ಹೋಗಲಿಲ್ಲ. ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿದಾಗ ತಗ್ಗು ಅರ್ಧ ತುಂಬಿತ್ತು, ಅರ್ಧ ಹಾಗೇ ಇತ್ತು. ಉಳಿದ ಕೊಬ್ಬಿಗೆ ಈಗ ಅಲ್ಲಿಯದೇ ರಕ್ತ ಹರಿಯುತ್ತಿದೆ, ನೀವು ದಪ್ಪವಾದರೆ ಅದೂ ದಪ್ಪವಾಗುತ್ತದೆ, ಸೊರಗಿದರೆ ಸೊರಗುತ್ತದೆ, ಅಂತೂ ಇನ್ನೆಲ್ಲಿಗೂ ಹೋಗುವುದಿಲ್ಲ ಎಂದರು. ಬೇಕಿದ್ದರೆ ಮುಂದೆ ಇನ್ನೊಮ್ಮೆ ತುಂಬಬಹುದಂತೆ. ಅವನ ತಲೆಯಲ್ಲಿ ಇದ್ದದ್ದು ಅಮ್ಮನ ಕರಾರು. ಅರ್ಧ ನಿಂತ ಕೆನ್ನೆಗೆ ಅಮ್ಮ ಕಣ್ಣು ಮಾಡಿಸಿಕೊಳ್ಳುತ್ತಾಳೆಯೇ? ಪೂರ್ತಿ ನಿಂತಿದೆ ಎಂದು ಸುಳ್ಳು ಹೇಳಿಬಿಡಲೇ ಎಂದೂ ಯೋಚಿಸಿದ. ಕಣ್ಣು ಬಂದ ಮರುಗಳಿಗೆಗೇ ಸುಳ್ಳು ಬಯಲಾಗುತ್ತಿತ್ತು.

ಅಮ್ಮ ಕಿಟಕಿಯ ಬಳಿ ಮಂಚದಲ್ಲಿ ಕೂತಿದ್ದಳು. ಅವನು ಅಭ್ಯಾಸ ಮೀರಿ ಎಡಗಡೆ ಅವಳತ್ತ ಬರುವಂತೆ ಕೂತ.

“ಅರ್ಧಾನೇ ನಿಂತಿರೋದು ಅಮ್ಮ. ಇನ್ನರ್ಧ ನಾನೇ ಹಾಳು ಮಾಡ್ಕೊಂಡೆ.”

“ಏನು ಮಾಡಿದೆ?”

“ಶಾಖ ಕೊಟ್ಟೆ. ಬಿಸಿ ಟವೆಲ್ಲು. ಬಿಸಿ ಎಷ್ಟಿತ್ತು ಅಂತ ತಿಳೀಲಿಲ್ಲ. ಒಳ್ಳೇದಾಗ್ಲಿ ಅಂತ ಮಾಡಿದ್ದು.”

ಐವತ್ತು ವರ್ಷದಿಂದ ಆಡದಿದ್ದ ಮಾತನ್ನು ಅಮ್ಮ ಅಂದು ಆಡಿದಳು.

“ನಾನೂ ಒಳ್ಳೇದಾಗ್ಲಿ ಅಂತಲೇ ಕೊಟ್ಟಿದ್ದು ಕಣೋ.”

“ಗೊತ್ತಮ್ಮ” ಎಂದ ಅವನು. ಎಷ್ಟೋ ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದ ಮಾತು ಅದು, ಆದರೆ ನಿಜವಾಗಿ ಗೊತ್ತಾದದ್ದು ಆ ಗುಳ್ಳೆ ಎದ್ದ ದಿನ. ಅಮ್ಮ ಕೈಚಾಚಿ, ಆ ಉಪ್ಪಿನ ಶಾಖದ ನಂತರ ಮೊದಲ ಸಲ, ಅವನ ಎಡಗೆನ್ನೆ ಮುಟ್ಟಿದಳು. ತುಂಬಿದ ಕಡೆಯನ್ನೂ ತುಂಬದ ಕಡೆಯನ್ನೂ ಬೆರಳಲ್ಲಿ ಸವರಿ, ಆ ಕಣ್ಣಿನ ಡಾಕ್ಟರ ಹತ್ತಿರ ಯಾವಾಗ ಹೋಗುವುದು ಎಂದು ಕೇಳಿದಳು.

ಮೊದಲ ಕಣ್ಣಿನ ಕಟ್ಟು ಬಿಚ್ಚಿದಾಗ ಅವನು ತಾನಾಗಿಯೇ ಎಡಗೆನ್ನೆ ತಿರುಗಿಸಿ ನಿಂತ. ಅಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಅವನ ಗದ್ದ ಹಿಡಿದು ಮುಖವನ್ನು ತನಗೆ ನೇರ ಮಾಡಿಕೊಂಡಳು. ತಗ್ಗಿನ ಸುದ್ದಿಯನ್ನೇ ಎತ್ತಲಿಲ್ಲ.

“ಅಯ್ಯೋ ಮಗನೇ, ನಿನಗೆ ವಯಸ್ಸಾಗಿಹೋಗಿದೆಯಲ್ಲೋ” ಎಂದಳು. “ನಾನು ನೋಡೇ ಇರಲಿಲ್ಲ.”